ಫಿಸಿಕ್ಸ್‌ನಲ್ಲಿ 70ಕ್ಕೆ 17: ಮಗಳನ್ನು ಸೈನ್ಸ್ ಬಿಡಿಸಬೇಕಾ?

ಪ್ರಶ್ನೆ: ಸರ್, ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು. ವಿಜ್ಞಾನದಲ್ಲಿ 92 ಬಂದಿತ್ತು. ಆಸೆಪಟ್ಟು ಪಿಯುಸಿಗೆ ಪಿಸಿಎಂಬಿ ತೆಗೆದುಕೊಂಡಳು. ಮೊನ್ನೆ ಮಿಡ್‌ಟರ್ಮ್‌ನಲ್ಲಿ ಕೆಮಿಸ್ಟ್ರಿ, ಬಯಾಲಜಿ ಪರವಾಗಿಲ್ಲ. ಫಿಸಿಕ್ಸ್‌ನಲ್ಲಿ ಮಾತ್ರ 70ಕ್ಕೆ 17. ಓದಲ್ಲ ಅನ್ನುವ ಹಾಗಿಲ್ಲ, ರಾತ್ರಿ ಹನ್ನೊಂದರವರೆಗೂ ಪುಸ್ತಕ ಹಿಡಿದು ಕೂತಿರುತ್ತಾಳೆ. ‘ಓದುವಾಗ ಅರ್ಥ ಆಗುತ್ತೆ, ಲೆಕ್ಕ ಕೊಟ್ಟರೆ ಕೈ ಓಡಲ್ಲ’ ಅಂತ ಅಳುತ್ತಾಳೆ. ನೆಂಟರೊಬ್ಬರು ‘ಫಿಸಿಕ್ಸ್ ಎಲ್ಲರ ತಲೆಗೂ ಹತ್ತಲ್ಲ, ಆರ್ಟ್ಸ್‌ಗೆ ಹಾಕಿ’ ಅಂತಾರೆ. ಇನ್ನೊಬ್ಬರು ಹಾಸ್ಟೆಲ್ ಇರುವ ಕೋಚಿಂಗ್ ಕಾಲೇಜಿಗೆ ಸೇರಿಸಿ ಅಂತಾರೆ. ಅವಳಿಗೆ ನೀಟ್ ಬರೆಯುವ ಆಸೆ. ಆಗದಿದ್ದರೆ ನರ್ಸಿಂಗ್ ಆದರೂ ಸರಿ ಅಂತಾಳೆ. ನಮ್ಮ ಮನೆಯಲ್ಲಿ ಸೈನ್ಸ್ ಓದಿದವರು ಯಾರೂ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮಗಳ ಆ ಮಾತಿನಲ್ಲೇ ಅರ್ಧ ಉತ್ತರ ಇದೆ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ನನ್ನಂಥವರು ಪ್ರತಿ ವರ್ಷ ಮಿಡ್‌ಟರ್ಮ್ ಮುಗಿದ ಕೂಡಲೇ ಇದೇ ಮಾತು ಕೇಳುತ್ತೇವೆ. ಹೇಳುವವರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ದಾಟಿದ ಮಕ್ಕಳೇ ಜಾಸ್ತಿ. ನಿಮ್ಮ ಭಯವೂ ನನಗೆ ಅರ್ಥ ಆಗುತ್ತದೆ. ಅವಳ ಕೈಲಿ ಆಗದ್ದನ್ನು ಹೊರಿಸಿಬಿಟ್ಟೆವಾ, ಎರಡು ವರ್ಷ ಸುಮ್ನೆ ಹಾಳಾಗುತ್ತಾ ಅಂತ ತಾನೇ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈಗ ಸೈನ್ಸ್ ಬಿಡಿಸಬೇಡಿ. ಕಾಲೇಜನ್ನೂ ಬದಲಿಸಬೇಡಿ. ಅವಳು ಫಿಸಿಕ್ಸ್ ಓದುವ ರೀತಿ ಮಾತ್ರ ಈ ವಾರದಿಂದಲೇ ಬದಲಾಗಬೇಕು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ನಿಮ್ಮ ನೆಂಟರ ಮಾತು. ‘ತಲೆಗೆ ಹತ್ತಲ್ಲ’ ಅನ್ನುವುದನ್ನು ದೊಡ್ಡ ಸಂಶೋಧನೆಯ ಫಿಸಿಕ್ಸ್ ಬಗ್ಗೆ ಹೇಳಿದರೆ ಒಪ್ಪಬಹುದೇನೋ. ಪಿಯುಸಿ ಫಿಸಿಕ್ಸ್‌ಗೆ ಬೇಕಾದದ್ದು ಅಷ್ಟೊಂದಿಲ್ಲ. ಹತ್ತನೇ ತರಗತಿಯ ಗಣಿತ ಗಟ್ಟಿಯಾಗಿರಬೇಕು, ಪ್ರತಿ ಲೆಕ್ಕಕ್ಕೂ ಚಿತ್ರ ಬರೆಯುವ ಅಭ್ಯಾಸ ಇರಬೇಕು, ತಪ್ಪಿದ ಲೆಕ್ಕವನ್ನು ಮರುದಿನ ಮತ್ತೆ ಮಾಡುವ ತಾಳ್ಮೆ ಇರಬೇಕು. ವಿಜ್ಞಾನದಲ್ಲಿ 92 ತೆಗೆದ, ಹನ್ನೊಂದರವರೆಗೆ ಕೂರುವ ಹುಡುಗಿಗೆ ಈ ಮೂರೂ ಸಾಧ್ಯ. ಹೆಣ್ಣುಮಕ್ಕಳಿಗೆ ಫಿಸಿಕ್ಸ್ ಕಷ್ಟ ಅಂತ ಯಾರಾದರೂ ಅಂದರೆ ಅದನ್ನು ಅವಳ ಕಿವಿಗೆ ಬೀಳಲು ಬಿಡಬೇಡಿ. ಅದಕ್ಕೆ ಯಾವ ಆಧಾರವೂ ಇಲ್ಲ.

ಕನ್ನಡ ಮಾಧ್ಯಮದಿಂದ ಬಂದದ್ದೇ ಕಾರಣ ಅನ್ನುವುದು ಅರ್ಧ ಸತ್ಯ. ಮೊದಲ ಕೆಲವು ತಿಂಗಳು ಭಾಷೆ ಕಾಡುತ್ತದೆ, ಅನುಮಾನ ಇಲ್ಲ. ವೇಗೋತ್ಕರ್ಷ ಅಂತ ಕಲಿತದ್ದು ಆಕ್ಸಿಲರೇಷನ್ ಆಗಿ, ಸಂವೇಗ ಮೊಮೆಂಟಮ್ ಆಗಿ ಎದುರಿಗೆ ಬಂದರೆ ಗೊತ್ತಿರುವ ವಿಷಯವೂ ಹೊಸದು ಅನ್ನಿಸುತ್ತದೆ. ಆದರೆ ಯೋಚಿಸಿ ನೋಡಿ, ಬಯಾಲಜಿಯಲ್ಲಿ ಇದಕ್ಕಿಂತ ಜಾಸ್ತಿ ಇಂಗ್ಲಿಷ್ ಇದೆ. ಅಲ್ಲಿ ಅವಳು ಪಾಸಾಗಿದ್ದಾಳೆ, ಅಲ್ವಾ? ಹಾಗಾಗಿ ಫಿಸಿಕ್ಸ್ ಒಂದೇ ಕೈಕೊಟ್ಟಿರುವುದಕ್ಕೆ ಬೇರೆ ಕಾರಣ ಹುಡುಕಬೇಕು.

ಆ ಕಾರಣ ಹೆಚ್ಚಾಗಿ ಗಣಿತದ ಪುಸ್ತಕದಲ್ಲಿರುತ್ತದೆ. ಪಿಯುಸಿಯ ಎರಡೂ ವರ್ಷಕ್ಕೆ ಎನ್‌ಸಿಇಆರ್‌ಟಿ ಪಠ್ಯಕ್ರಮ. ಅದರಲ್ಲಿ ಫಿಸಿಕ್ಸ್ ಮತ್ತು ಗಣಿತ ಒಟ್ಟೊಟ್ಟಿಗೆ ನಡೆಯುವುದಿಲ್ಲ. ಪ್ರಥಮ ಪಿಯುಸಿ ಫಿಸಿಕ್ಸ್‌ನ ಎರಡನೇ ಅಧ್ಯಾಯದಲ್ಲೇ, ನೇರ ರೇಖೆಯ ಚಲನೆ ಹೇಳುವಾಗಲೇ, ಡೆರಿವೇಟಿವ್, ಅಂದರೆ ಒಂದು ಪ್ರಮಾಣ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವ ಲೆಕ್ಕ, ಬಂದುಬಿಡುತ್ತದೆ. ಗಣಿತದಲ್ಲಿ ಅದೇ ಡೆರಿವೇಟಿವ್ ಬರುವುದು ವರ್ಷದ ಕೊನೆಯ ಅಧ್ಯಾಯಗಳಲ್ಲಿ. ಫಿಸಿಕ್ಸ್‌ನ ಮೂರನೇ ಅಧ್ಯಾಯಕ್ಕೆ ವೆಕ್ಟರ್, ಅಂದರೆ ಅಳತೆಯ ಜೊತೆ ದಿಕ್ಕೂ ಇರುವ ಪ್ರಮಾಣಗಳ ಗಣಿತ, ಬೇಕು. ವೆಕ್ಟರ್‌ಗಳನ್ನು ಗುಣಿಸುವುದರಲ್ಲಿ ಎರಡು ಬಗೆ: ಕೆಲಸ ಮತ್ತು ಶಕ್ತಿಯ ಅಧ್ಯಾಯಕ್ಕೆ ಡಾಟ್ ಪ್ರಾಡಕ್ಟ್ ಬೇಕು, ತಿರುಗುವ ಚಲನೆಗೆ ಕ್ರಾಸ್ ಪ್ರಾಡಕ್ಟ್ ಬೇಕು. ಗಣಿತದಲ್ಲಿ ವೆಕ್ಟರ್ ಪೂರ್ತಿಯಾಗಿ ಬರುವುದು ದ್ವಿತೀಯ ಪಿಯುಸಿಯಲ್ಲಿ! ಅಂದರೆ ಫಿಸಿಕ್ಸ್ ಲೆಕ್ಚರರ್ ಈ ಗಣಿತವನ್ನು ಒಂದೆರಡು ತರಗತಿಯಲ್ಲಿ ಹೇಳಿ ಮುಂದೆ ಹೋಗಬೇಕು. ಅಲ್ಲಿ ತಪ್ಪಿಸಿಕೊಂಡ ಮಗುವಿಗೆ ಆಮೇಲಿನ ನಾಲ್ಕು ಅಧ್ಯಾಯ ಮಬ್ಬು ಮಬ್ಬು.

ಇನ್ನೂ ಒಂದು ವಿಷಯ ಪೋಷಕರಿಗೆ ಗೊತ್ತಿರುವುದಿಲ್ಲ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಭೌತಶಾಸ್ತ್ರ ಅಂದರೆ ಬೆಳಕು, ವಿದ್ಯುತ್, ಕಾಂತತೆ. ಚಲನೆ, ಬಲ, ಗುರುತ್ವ, ಕೆಲಸ ಇವೆಲ್ಲ ಬಂದದ್ದು ಒಂಬತ್ತನೇ ತರಗತಿಯಲ್ಲಿ. ಪ್ರಥಮ ಪಿಯುಸಿ ಶುರುವಾಗುವುದೇ ಇವುಗಳಿಂದ, ಒಂದು ಪೂರ್ತಿ ವರ್ಷ ಬಿಟ್ಟು. ಹಾಗಾಗಿ ಅವಳ 92ಕ್ಕೂ ಈ 17ಕ್ಕೂ ನೇರ ಸಂಬಂಧವೇ ಇಲ್ಲ. ಅವಳು ದಡ್ಡಿ ಆಗಿಲ್ಲ. ಪರೀಕ್ಷೆಯೇ ಬೇರೆ.

ಎರಡನೇ ಕಾರಣ ಸ್ವಲ್ಪ ಸೂಕ್ಷ್ಮ. ಮನೆಯಲ್ಲೇ ಅವಳನ್ನು ಒಂದು ಪ್ರಶ್ನೆ ಕೇಳಿ. ಚೆಂಡನ್ನು ನೇರ ಮೇಲಕ್ಕೆ ಎಸೆದರೆ, ತುತ್ತತುದಿಯಲ್ಲಿ ಅದರ ಆಕ್ಸಿಲರೇಷನ್ ಎಷ್ಟು? ತುಂಬಾ ಮಕ್ಕಳು ಥಟ್ಟನೆ ಸೊನ್ನೆ ಅನ್ನುತ್ತಾರೆ. ಚೆಂಡು ಆ ಕ್ಷಣ ನಿಂತಿದೆಯಲ್ಲ, ಅದಕ್ಕೆ. ಆದರೆ ಸೊನ್ನೆಯಾಗಿರುವುದು ವೇಗ ಮಾತ್ರ. ಆಕ್ಸಿಲರೇಷನ್ ಆಗಲೂ ಕೆಳಮುಖವಾಗಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್ ಇದ್ದೇ ಇರುತ್ತದೆ. ಅದೂ ಸೊನ್ನೆ ಆಗಿದ್ದರೆ ಚೆಂಡು ಕೆಳಗೆ ಬರದೆ ಅಲ್ಲೇ ನಿಂತಿರಬೇಕಿತ್ತು. ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಎಸೆದರೆ ಎಷ್ಟು ಹೊತ್ತಿಗೆ ತುದಿ ಮುಟ್ಟುತ್ತದೆ ಅಂತ ಕೇಳಿ ನೋಡಿ. ಸೊನ್ನೆ ಅಂದ ಮಗುವೇ ಸೂತ್ರಕ್ಕೆ ಹಾಕಿ 2 ಸೆಕೆಂಡ್, ಎತ್ತರ 19.6 ಮೀಟರ್ ಅಂತ ಸರಿಯಾಗಿ ಹೇಳಬಹುದು. ಸೂತ್ರ ಬರುತ್ತದೆ, ಒಳಗಿನ ಚಿತ್ರ ಇನ್ನೂ ಹಳೆಯದೇ.

ಇದು ನಿಮ್ಮ ಮಗಳೊಬ್ಬಳ ಕಥೆಯಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಎರಿಕ್ ಮಜೂರ್ 1990ರ ಸುಮಾರಿಗೆ ತಮ್ಮ ವಿದ್ಯಾರ್ಥಿಗಳಿಗೆ ಇಂಥವೇ ಸರಳ ಪ್ರಶ್ನೆ ಕೊಟ್ಟು ನೋಡಿದರು. ಭಾರದ ಲಾರಿ ಚಿಕ್ಕ ಕಾರಿಗೆ ಡಿಕ್ಕಿ ಹೊಡೆದರೆ ಬಲ ಯಾವುದರ ಮೇಲೆ ಜಾಸ್ತಿ ಅನ್ನುವ ಥರದ್ದು. ಎರಡರ ಮೇಲೂ ಬಲ ಸಮ. ಕಾರಿನ ದ್ರವ್ಯರಾಶಿ ಕಡಿಮೆ, ಅದಕ್ಕೇ ಅದು ಜಾಸ್ತಿ ಜರ್ಜರಿತ ಆಗುತ್ತದೆ. ಕಷ್ಟದ ಲೆಕ್ಕಗಳನ್ನು ಬಿಡಿಸುತ್ತಿದ್ದ ಆ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಇಂಥ ಕಡೆ ಎಡವಿದರು. ಆಮೇಲೆ ಮಜೂರ್ ತಾವು ಪಾಠ ಮಾಡುವ ಕ್ರಮವನ್ನೇ ಬದಲಿಸಿಕೊಂಡರು. ಹುಟ್ಟಿನಿಂದ ಕಣ್ಣಾರೆ ನೋಡಿ ಕಟ್ಟಿಕೊಂಡ ನಂಬಿಕೆಗಳು ನ್ಯೂಟನ್ನಿನ ನಿಯಮಕ್ಕೆ ಸುಲಭವಾಗಿ ಜಾಗ ಬಿಡುವುದಿಲ್ಲ. ಅದಕ್ಕೆ ಸಮಯ ಬೇಕು, ಮಾತಾಡಿ ಚರ್ಚಿಸುವವರೂ ಬೇಕು.

ಮೂರನೆಯದು ಓದುವ ರೀತಿ. ಬಿಡಿಸಿಟ್ಟ ಲೆಕ್ಕದ ಮೇಲೆ ಕಣ್ಣಾಡಿಸಿದರೆ ಎಲ್ಲವೂ ಅರ್ಥವಾದ ಹಾಗೇ ಇರುತ್ತದೆ. ಈಜುವವರನ್ನು ದಡದಲ್ಲಿ ಕೂತು ನೋಡಿದ ಹಾಗೆ ಅದು. ಹನ್ನೊಂದರವರೆಗೆ ಪುಸ್ತಕ ಹಿಡಿದಿರುತ್ತಾಳೆ ಅಂದಿರಿ. ಕೈಯಲ್ಲಿ ಪೆನ್ಸಿಲ್ ಇರುತ್ತದಾ, ಗಮನಿಸಿ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಇದಕ್ಕೆ ಫಿಸಿಕ್ಸ್ ಗೊತ್ತಿರಬೇಕಾಗಿಲ್ಲ. ಮಿಡ್‌ಟರ್ಮ್ ಉತ್ತರ ಪತ್ರಿಕೆ ತರಿಸಿಕೊಂಡು ಅವಳ ಜೊತೆ ಕೂತುಕೊಳ್ಳಿ. ಬೈಯಲು ಅಲ್ಲ, ನೋಡಲು. ಹೋದ 53 ಅಂಕ ಎಲ್ಲೆಲ್ಲಿ ಹೋಯಿತು ಅಂತ ಗುರುತು ಹಾಕಿಸಿ. ಪೂರ್ತಿ ಖಾಲಿ ಬಿಟ್ಟದ್ದೆಷ್ಟು, ಸೂತ್ರ ಬರೆದು ಅಲ್ಲೇ ನಿಂತದ್ದೆಷ್ಟು, ಮೈನಸ್ ಪ್ಲಸ್ಸಿನಲ್ಲೋ ಹತ್ತರ ಘಾತದಲ್ಲೋ ಯೂನಿಟ್‌ನಲ್ಲೋ ಹೋದದ್ದೆಷ್ಟು? ಖಾಲಿ ಬಿಟ್ಟದ್ದೇ ಜಾಸ್ತಿ ಇದ್ದರೆ ಡಿರೈವೇಷನ್ (ಸೂತ್ರ ಎಲ್ಲಿಂದ ಬಂತು ಅಂತ ಹಂತ ಹಂತವಾಗಿ ಬರೆದು ತೋರಿಸುವುದು) ಮತ್ತು ವ್ಯಾಖ್ಯೆಗಳ ಅಭ್ಯಾಸ ಆಗಿಲ್ಲ ಅಂತ ಅರ್ಥ. ಅದು ಎಲ್ಲಕ್ಕಿಂತ ಬೇಗ ಸರಿಹೋಗುವ ರೋಗ. ಸೂತ್ರದ ಹತ್ತಿರ ನಿಂತಿದ್ದರೆ ಗಣಿತ ಮತ್ತು ಚಿತ್ರದ ತೊಂದರೆ. ಆ ಪತ್ರಿಕೆ ಹಿಡಿದುಕೊಂಡು ಅವಳ ಲೆಕ್ಚರರ್ ಹತ್ತಿರ ಹೋಗಿ. ‘ಫಿಸಿಕ್ಸ್ ಬರಲ್ಲ ಸರ್’ ಅಂದರೆ ಯಾರಿಗೂ ಸಹಾಯ ಮಾಡಲು ಆಗಲ್ಲ. ‘ಈ ಆರು ಲೆಕ್ಕದಲ್ಲಿ ಇಲ್ಲಿಗೆ ಬಂದು ನಿಲ್ಲುತ್ತೇನೆ’ ಅಂತ ತೋರಿಸಿದರೆ ಯಾವ ಲೆಕ್ಚರರ್ ಆದರೂ ಕೂತು ಹೇಳಿಕೊಡುತ್ತಾರೆ.

ಓದುವ ರೀತಿ ಬದಲಿಸುವುದು ಅಂದರೆ ಏನು ಅಂತ ಒಂದೇ ಲೆಕ್ಕದಲ್ಲಿ ತೋರಿಸುತ್ತೇನೆ. ಈ ಭಾಗವನ್ನು ಅವಳಿಗೇ ಓದಲು ಕೊಡಿ.

30 ಡಿಗ್ರಿ ಇಳಿಜಾರಿನ ಮೇಲೆ 2 ಕೆಜಿ ಪೆಟ್ಟಿಗೆ. ಘರ್ಷಣೆ ಇಲ್ಲ. ಎಷ್ಟು ಆಕ್ಸಿಲರೇಷನ್‌ನಲ್ಲಿ ಜಾರುತ್ತದೆ? ಸೂತ್ರ ಹುಡುಕಬೇಡ. ಮೊದಲು ಇಳಿಜಾರು ಬರಿ, ಪೆಟ್ಟಿಗೆ ಬರಿ. ಪೆಟ್ಟಿಗೆಯನ್ನು ಮುಟ್ಟುತ್ತಿರುವುದು ಯಾವುದು? ಇಳಿಜಾರಿನ ಮೇಲ್ಮೈ ಒಂದೇ. ಅದು ತನಗೆ ಲಂಬವಾಗಿ ತಳ್ಳುತ್ತದೆ, ಅದೇ ನಾರ್ಮಲ್ ಬಲ. ಮುಟ್ಟದೇ ಎಳೆಯುತ್ತಿರುವುದು ಭೂಮಿ, ನೇರ ಕೆಳಕ್ಕೆ, 2 ಗುಣಿಸು 9.8, ಅಂದರೆ 19.6 ನ್ಯೂಟನ್. ಅಷ್ಟೇ, ಎರಡೇ ಬಾಣ. ಈಗ 19.6ನ್ನು ಇಳಿಜಾರಿನ ಉದ್ದಕ್ಕೂ ಅದಕ್ಕೆ ಲಂಬವಾಗಿಯೂ ಒಡೆಯಬೇಕು. ಇಲ್ಲೇ ಎಲ್ಲರಿಗೂ ಗೊಂದಲ, ಸೈನ್ ಯಾವುದಕ್ಕೆ, ಕಾಸ್ ಯಾವುದಕ್ಕೆ? ಬಾಯಿಪಾಠ ಮಾಡಬೇಡ. ಇಳಿಜಾರನ್ನು ಮನಸ್ಸಿನಲ್ಲೇ ಚಪ್ಪಟೆ ಮಾಡಿಬಿಡು, ಕೋನ ಸೊನ್ನೆ ಆಗಲಿ. ಸಮತಟ್ಟಾದ ನೆಲದ ಮೇಲೆ ಪೆಟ್ಟಿಗೆ ತಾನಾಗೇ ಜಾರಲ್ಲ. ಹಾಗಾದರೆ ಜಾರಿಸುವ ಭಾಗ ಸೊನ್ನೆ ಆಗಬೇಕು. ಸೊನ್ನೆ ಡಿಗ್ರಿಯಲ್ಲಿ ಸೊನ್ನೆ ಆಗುವುದು ಸೈನ್. ಹಾಗಾಗಿ ಜಾರಿಸುವ ಬಲ 19.6 ಗುಣಿಸು ಸೈನ್ 30, ಅಂದರೆ 9.8 ನ್ಯೂಟನ್. 2 ಕೆಜಿಯಿಂದ ಭಾಗಿಸಿದರೆ ಆಕ್ಸಿಲರೇಷನ್ 4.9. ತಪ್ಪಿ ಕಾಸ್ ಹಾಕಿದ್ದರೆ ಸುಮಾರು 8.5 ಬರುತ್ತಿತ್ತು. ಅದೇ ಕಾಸ್ ಸೂತ್ರಕ್ಕೆ ಸೊನ್ನೆ ಡಿಗ್ರಿ ಹಾಕಿ ನೋಡು, ನೆಲದ ಮೇಲಿಟ್ಟ ಪೆಟ್ಟಿಗೆ 9.8ರಲ್ಲಿ ಅಡ್ಡಕ್ಕೆ ಓಡಬೇಕಾಗುತ್ತದೆ! ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹೀಗೆ ಚಿತ್ರ, ಬಲಗಳು, ಒಡೆಯುವುದು, ಕೊನೆಗೆ ಉತ್ತರವನ್ನು ಸುಲಭದ ಸಂದರ್ಭಕ್ಕೆ ಹಾಕಿ ಪರೀಕ್ಷಿಸುವುದು. ದಿನಕ್ಕೆ ಮೂರೇ ಲೆಕ್ಕ ಸಾಕು, ಆದರೆ ಪುಸ್ತಕ ಮುಚ್ಚಿ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬಿಡಿಸಿ ಕೊಟ್ಟಿರುವ ಉದಾಹರಣೆಗಳಿಂದಲೇ ಶುರು ಮಾಡಲಿ. ಪ್ರಶ್ನೆ ಮಾತ್ರ ಓದಿ, ಉತ್ತರವನ್ನು ಹಾಳೆಯಿಂದ ಮುಚ್ಚಿ, ಹತ್ತು ನಿಮಿಷ ಒದ್ದಾಡಲಿ. ಸಿಗದಿದ್ದರೆ ಒಂದು ಸಾಲು ಮಾತ್ರ ನೋಡಿ ಮತ್ತೆ ಮುಚ್ಚಲಿ. ತಪ್ಪಿದ್ದಕ್ಕೆ ಗುರುತು ಹಾಕಿಟ್ಟು, ಎರಡು ಮೂರು ದಿನ ಬಿಟ್ಟು ಮತ್ತೆ ಮಾಡಲಿ. ಡಿರೈವೇಷನ್‌ಗೂ ಇದೇ ಕ್ರಮ. ವಿ ಸ್ಕ್ವೇರ್ = ಯು ಸ್ಕ್ವೇರ್ + 2ಎಎಸ್ ಎಲ್ಲಿಂದ ಬಂತು ಅನ್ನುವುದರ ಜೊತೆಗೆ ಅದು ಎಲ್ಲಿ ನಡೆಯಲ್ಲ ಅನ್ನುವುದೂ ಗೊತ್ತಿರಬೇಕು. ಆಕ್ಸಿಲರೇಷನ್ ಬದಲಾಗುತ್ತಿದ್ದರೆ ಆ ಸೂತ್ರ ಮುಟ್ಟುವ ಹಾಗೇ ಇಲ್ಲ. ಸ್ಪ್ರಿಂಗ್ ಆಂದೋಲನದ ಲೆಕ್ಕಕ್ಕೆ ಅದನ್ನು ಹಾಕಿ ಅಂಕ ಕಳೆದುಕೊಳ್ಳುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಎಲ್ಲಿಂದ ಶುರು? ಮೊದಲ ಎರಡು ವಾರ ಬರೀ ಗಣಿತ. ಸೈನ್, ಕಾಸ್ ಬೆಲೆಗಳು, ವೆಕ್ಟರ್ ಒಡೆಯುವುದು ಮತ್ತು ಕೂಡಿಸುವುದು, ಗ್ರಾಫಿನ ಇಳಿಜಾರು, ಟಿ ಘಾತ ಎನ್‌ನ ಡೆರಿವೇಟಿವ್, ಹತ್ತರ ಘಾತಗಳ ಗುಣಾಕಾರ ಭಾಗಾಕಾರ. ಇಷ್ಟೇ. ಆಮೇಲೆ ನೇರ ರೇಖೆಯ ಚಲನೆ, ಸಮತಲದ ಚಲನೆ, ಚಲನೆಯ ನಿಯಮಗಳು, ಕೆಲಸ ಮತ್ತು ಶಕ್ತಿ, ಇದೇ ಅನುಕ್ರಮದಲ್ಲಿ. ತಿರುಗುವ ಚಲನೆಯ ಅಧ್ಯಾಯ ಪ್ರಥಮ ಪಿಯುಸಿಯಲ್ಲೇ ಅತಿ ಕಷ್ಟದ್ದು, ಅದನ್ನು ಕೊನೆಗಿಡಿ. ಆದರೆ ಹಿಂದಿನದ್ದು ಹಿಡಿಯಲು ಹೋಗಿ ಈಗ ತರಗತಿಯಲ್ಲಿ ನಡೆಯುತ್ತಿರುವುದನ್ನು ಬಿಡಬಾರದು. ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ದ್ರವಗಳು, ಉಷ್ಣ, ಅನಿಲಗಳ ಚಲನ ಸಿದ್ಧಾಂತ ಇವಕ್ಕೆ ವೆಕ್ಟರ್ ಅಷ್ಟಾಗಿ ಬೇಡ. ಹಿಂದಿನದ್ದು ಬರದಿದ್ದರೂ ಇವನ್ನು ಹೊಸದಾಗಿ ಚೆನ್ನಾಗಿ ಕಲಿಯಬಹುದು. ಅವಳಿಗೆ ಧೈರ್ಯ ಬರುವುದೂ ಇಲ್ಲಿಂದಲೇ. ಎಸೆದ ಚೆಂಡಿನ ದಾರಿ ಕಣ್ಣಿಗೆ ಕಟ್ಟುತ್ತಿಲ್ಲ ಅಂದರೆ ಕೊಲರಾಡೊ ವಿಶ್ವವಿದ್ಯಾಲಯದವರ ‘ಫೆಟ್’ ಅನ್ನುವ ಉಚಿತ ಸಿಮ್ಯುಲೇಷನ್‌ಗಳಿವೆ, ಮೊಬೈಲಿನಲ್ಲೇ ನಡೆಯುತ್ತವೆ.

ಪ್ರಾಕ್ಟಿಕಲ್ ಬಗ್ಗೆ ಒಂದು ಮಾತು. ಥಿಯರಿ 70, ಪ್ರಾಕ್ಟಿಕಲ್ 30. ಆ 30 ಸುಲಭ ಅಂತ ರೆಕಾರ್ಡ್ ಬುಕ್ ಇನ್ನೊಬ್ಬರದ್ದು ನೋಡಿ ತುಂಬಿಸುವ ಮಕ್ಕಳಿದ್ದಾರೆ. ನನಗೆ ಇದು ನಿಜಕ್ಕೂ ಸಂಕಟ ಕೊಡುತ್ತದೆ, ಯಾಕೆಂದರೆ ಕೈ ಓಡದ ಮಕ್ಕಳಿಗೆ ಕೈ ಓಡಿಸುವ ಜಾಗವೇ ಲ್ಯಾಬ್. ಒಂದು ಮೀಟರ್ ಉದ್ದದ ಲೋಲಕ ಒಂದು ಸಲ ಹೋಗಿ ಬರಲು ಹೆಚ್ಚುಕಡಿಮೆ 2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಇಪ್ಪತ್ತು ಸಲ ಎಣಿಸಿ ಭಾಗಿಸುವುದು ಯಾಕೆ, ದಾರದ ಉದ್ದಕ್ಕೆ ಗುಂಡಿನ ತ್ರಿಜ್ಯ ಸೇರಿಸುವುದು ಯಾಕೆ, ಸೇರಿಸಲು ಮರೆತರೆ ಗ್ರಾಫ್ ಯಾಕೆ ಮೂಲಬಿಂದು ತಪ್ಪಿಸಿ ಹೋಗುತ್ತದೆ, ಇವನ್ನು ತಾನೇ ಮಾಡಿ ನೋಡಿದವಳಿಗೆ ಆಂದೋಲನದ ಅಧ್ಯಾಯ ಅರ್ಧ ಬಂದ ಹಾಗೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಆರ್ಟ್ಸ್ ಅಥವಾ ಕಾಮರ್ಸ್‌ಗೆ ಹೋಗುವುದು ಸೋಲಲ್ಲ. ಅವಳಿಗೇ ಆ ವಿಷಯಗಳಲ್ಲಿ ಒಲವಿದ್ದರೆ ಧಾರಾಳವಾಗಿ ಕಳಿಸಿ. ಆದರೆ ಅವಳ ಆಸೆ ನೀಟ್, ಇಲ್ಲವೇ ನರ್ಸಿಂಗ್. ನೀಟ್‌ಗೆ ಫಿಸಿಕ್ಸ್ ಕಡ್ಡಾಯ. ಬಿ.ಎಸ್ಸಿ. ನರ್ಸಿಂಗ್‌ಗೂ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. ಒಂದು ಮಿಡ್‌ಟರ್ಮ್‌ಗೆ ಹೆದರಿ ಬಿಟ್ಟರೆ ಈ ಎರಡೂ ಬಾಗಿಲು ಮುಚ್ಚುತ್ತವೆ. ವರ್ಷದ ನಡುವೆ ವಿಭಾಗ ಬದಲಿಸಿದರೆ ತಪ್ಪಿದ ತಿಂಗಳುಗಳ ಪಾಠ ಬೇರೆ ಹಿಡಿಯಬೇಕು.

ಹಾಸ್ಟೆಲ್ ಇರುವ ಕೋಚಿಂಗ್ ಕಾಲೇಜು ಕೆಲವರಿಗೆ ಒಪ್ಪುತ್ತದೆ. ಬುನಾದಿ ಗಟ್ಟಿ ಇರುವ, ಓಟಕ್ಕೆ ಸಿದ್ಧ ಇರುವ ಮಕ್ಕಳಿಗೆ. ಅಲ್ಲಿ ಪಾಠದ ವೇಗ ಜಾಸ್ತಿ, ಟೆಸ್ಟ್ ಮೇಲೆ ಟೆಸ್ಟ್. ವೆಕ್ಟರ್ ಒಡೆಯಲು ಬಾರದ ಹುಡುಗಿಯನ್ನು ಈಗ ಅಲ್ಲಿ ಕೂರಿಸಿದರೆ ಪ್ರತಿ ವಾರದ ಅಂಕಪಟ್ಟಿ ಅವಳನ್ನು ಇನ್ನಷ್ಟು ಕುಗ್ಗಿಸುತ್ತದೆ. ಮನೆಯಿಂದ ದೂರ ಬೇರೆ. ನೀಟ್‌ನಲ್ಲಿ ಫಿಸಿಕ್ಸ್‌ಗೆ 45 ಪ್ರಶ್ನೆ, 720ರಲ್ಲಿ 180 ಅಂಕ. ಸರಿಗೆ 4, ತಪ್ಪಿಗೆ ಮೈನಸ್ 1. ಅಂದಾಜಿನ ಮೇಲೆ ಅಲ್ಲಿ ಹೆಚ್ಚು ಗಿಟ್ಟುವುದಿಲ್ಲ. ಅದರ ತಯಾರಿಗೆ ಅಡಿಪಾಯ ಪ್ರಥಮ ಪಿಯುಸಿ ಪುಸ್ತಕವೇ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದಿದ ಮೇಲೆ ಅದು ಬೇಕೋ ಬೇಡವೋ ಆಮೇಲೆ ಅವಳೇ ನಿರ್ಧರಿಸಲಿ.

ಟ್ಯೂಷನ್ ಹಾಕುವುದಾದರೆ ಒಂದೇ ಪರೀಕ್ಷೆ ಮಾಡಿ. ಅಲ್ಲಿ ಒಂದು ಗಂಟೆಯಲ್ಲಿ ಲೆಕ್ಕ ಬಿಡಿಸುವವರು ಯಾರು, ಮೇಷ್ಟರೋ ಮಕ್ಕಳೋ? ಐವತ್ತು ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಿ ನೋಟ್ಸ್ ಕೊಡುವ ಟ್ಯೂಷನ್ ನಿಮ್ಮ ಮಗಳಿಗೆ ಬೇಡ. ಅವಳು ಈಗಾಗಲೇ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಅವಳು ಬಿಡಿಸುವಾಗ ಪಕ್ಕದಲ್ಲಿ ಕೂತು ‘ಈ ಬಾಣ ಯಾಕೆ ಹೀಗೆ?’ ಅಂತ ಕೇಳುವವರು ಬೇಕು. ಅದು ದ್ವಿತೀಯ ಪಿಯುಸಿಯ ಹುಡುಗಿ ಆದರೂ ಸರಿ, ಪಕ್ಕದ ಊರಿನ ಬಿ.ಎಸ್ಸಿ. ಓದುವವರಾದರೂ ಸರಿ. ಇಬ್ಬರು ಗೆಳತಿಯರು ಸೇರಿ ಒಬ್ಬರಿಗೊಬ್ಬರು ಹೇಳಿಕೊಟ್ಟರೂ ಎಷ್ಟೋ ಕೆಲಸ ಆಗುತ್ತದೆ.

ರಾತ್ರಿ ಹನ್ನೊಂದು ಬೇಡ. ಲೆಕ್ಕ ಬಿಡಿಸಲು ಬೆಳಗಿನ ಅಥವಾ ಸಂಜೆಯ ಒಂದು ಗಂಟೆ ಕೊಡಿ, ರಾತ್ರಿ ಮಲಗಲಿ. ಅಳು ದಿನವೂ ಮುಂದುವರಿದರೆ, ಊಟ ನಿದ್ದೆ ಕೆಟ್ಟರೆ, ಅಂಕದ ಮಾತು ಬದಿಗಿಟ್ಟು ಅವಳ ಜೊತೆ ಕೂತು ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಟೆಸ್ಟ್‌ನಲ್ಲಿ 17 ಒಮ್ಮೆಲೇ 50 ಆಗಲ್ಲ. ಖಾಲಿ ಬಿಟ್ಟ ಪ್ರಶ್ನೆ ಕಡಿಮೆ ಆಗಿದೆಯಾ, ಪ್ರತಿ ಲೆಕ್ಕದ ಪಕ್ಕ ಚಿತ್ರ ಇದೆಯಾ, ಇಷ್ಟು ನೋಡಿ. ಇದ್ದರೆ ಅಂಕ ಹಿಂದೆಯೇ ಬರುತ್ತದೆ. ವಾರ್ಷಿಕ ಪರೀಕ್ಷೆಯಲ್ಲಿ ಅಕಸ್ಮಾತ್ ಹೋದರೂ ಪೂರಕ ಪರೀಕ್ಷೆ ಇದೆ, ವರ್ಷ ಹೋಗುವುದಿಲ್ಲ. ಪೂರ್ತಿ ಮನಸ್ಸಿಟ್ಟು ಈ ರೀತಿ ಓದಿಯೂ ಪ್ರಥಮ ಪಿಯುಸಿ ಮುಗಿಯುವ ಹೊತ್ತಿಗೆ ಅವಳಿಗೇ ‘ಇದು ನನಗೆ ಬೇಡ’ ಅನ್ನಿಸಿದರೆ, ಆಗ ಬದಲಿಸುವ ಮಾತು ಎತ್ತಿ. ಆ ನಿರ್ಧಾರ ಅವಳದ್ದಾಗಿರಲಿ. ಮುಂದುವರಿಯುತ್ತಾಳೆ ಅಂದರೆ ಬೇಸಿಗೆ ರಜೆಯಲ್ಲಿ ವೆಕ್ಟರ್ ಮತ್ತು ತಿರುಗುವ ಚಲನೆಯನ್ನು ಇನ್ನೊಂದು ಸಲ ಮಾಡಿಸಿ. ದ್ವಿತೀಯ ಪಿಯುಸಿಯ ಮೊದಲ ಅಧ್ಯಾಯ ವಿದ್ಯುದಾವೇಶ ಮತ್ತು ಕ್ಷೇತ್ರ. ಅಲ್ಲಿ ಮೊದಲ ವಾರದಿಂದಲೇ ವೆಕ್ಟರ್ ಬೇಕಾಗುತ್ತದೆ.